ಜೀಪಿನ ಬಾಡಿ ಎತ್ತಿಸುವ ಮೊದಲು ಅಡಿಯ ಬ್ಲಾಕನ್ನು ನೋಡಿ

ಮಲೆನಾಡಿನ ಸಣ್ಣ ಬೆಳೆಗಾರನಿಗೆ ಜೀಪು ಶೋಕಿಯ ವಸ್ತುವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪನಿಯವರು ಈ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಅಲ್ಲಿಂದೀಚೆಗೆ ನಮ್ಮ ತೋಟದ ದಾರಿಗಳಲ್ಲಿ ಗೊಬ್ಬರ, ಔಷಧಿಯ ಡ್ರಮ್ಮು, ಅಡಿಕೆ ಮೂಟೆ, ಕಾಫಿ ಹಣ್ಣು, ಕೆಲಸದ ಆಳುಗಳು, ಆಸ್ಪತ್ರೆಗೆ ಹೊರಟ ರೋಗಿ, ಹೀಗೆ ಎಲ್ಲವನ್ನೂ ಹೊತ್ತದ್ದು ಇಂಥ ಗಾಡಿಗಳೇ. ಎರಡು ಮೂರು ಎಕರೆಯವನು ಹಳೆಯ ಜೀಪೊಂದನ್ನು ಕೊಂಡು, ಅದನ್ನು ಕೂಡಿಸಿ ಕಟ್ಟಿ ಹತ್ತು ಹದಿನೈದು ವರ್ಷ ಓಡಿಸುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ಆದುದರಿಂದ ಜೀಪಿನ ವಿಷಯವೂ ಗೊಬ್ಬರ, ಔಷಧಿಗಳ ವಿಷಯದಂತೆಯೇ ಈ ಪತ್ರಿಕೆಯಲ್ಲಿ ಚರ್ಚೆಯಾಗತಕ್ಕದ್ದು ಎಂದು ನನ್ನ ಭಾವನೆ.

ಜೀಪಿನ ಬಾಡಿಯನ್ನು ಚಾಸಿಯಿಂದ ಒಂದೆರಡು ಅಂಗುಲ ಮೇಲಕ್ಕೆತ್ತಿ, ನಡುವೆ ಪ್ಯಾಕಿಂಗ್ ಬ್ಲಾಕು ಕೊಟ್ಟು, ಅಗಲವಾದ ದೊಡ್ಡ ಟೈರು ಹಾಕಿಸುವ ರೂಢಿ ನಮ್ಮ ತರುಣ ಬೆಳೆಗಾರರಲ್ಲಿ ಹಬ್ಬಿದೆ. ಎತ್ತಿಸಬೇಕೇ ಬೇಡವೇ ಎಂಬುದರ ಬಗ್ಗೆ ಕಟ್ಟೆಯ ಮೇಲೆ ಬೇಕಾದಷ್ಟು ಮಾತಾಗುತ್ತದೆ. ಆದರೆ ಆ ಬ್ಲಾಕು ಯಾವುದರದ್ದಾಗಿರಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಗ್ಯಾರೇಜಿನವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ, ನಾವು ಟೈರು ನೋಡಿ ಸಂತೋಷಪಟ್ಟು ಮನೆಗೆ ಬರುತ್ತೇವೆ. ಇಡೀ ಬಾಡಿಯೂ ಅದರೊಳಗೆ ಕುಳಿತವರೂ ನಿಂತಿರುವುದು ಅಂಗೈಯಗಲದ ಆ ಕೆಲವೇ ತುಂಡುಗಳ ಮೇಲೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಎತ್ತಿಸುವುದರಿಂದ ಸಿಗುವುದೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಬಾಡಿ ಎತ್ತಿಸಿದ ಮಾತ್ರಕ್ಕೆ ಗಾಡಿಯ ಅಡಿಭಾಗ ನೆಲದಿಂದ ಮೇಲೇಳುವುದಿಲ್ಲ. ಆಕ್ಸಲು, ಡಿಫರೆನ್ಷಿಯಲ್, ಗೇರ್‌ಬಾಕ್ಸು, ಚಾಸಿ ಎಲ್ಲವೂ ಇದ್ದಲ್ಲೇ ಇರುತ್ತವೆ. ಎರಡು ಚಕ್ರದ ಜಾಡುಗಳ ನಡುವೆ ಉಬ್ಬಿದ ದಿಣ್ಣೆಗೆ ನಿನ್ನೆ ತಾಗುತ್ತಿದ್ದ ಡಿಫರೆನ್ಷಿಯಲ್ ನಾಳೆಯೂ ತಾಗುತ್ತದೆ. ಬಾಡಿ ಮೇಲೆದ್ದರೆ ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ನೆಲದ ಅಂತರ ಹೆಚ್ಚುವುದು ಆ ಟೈರಿನಿಂದ, ಅದೂ ಟೈರಿನ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು ಮಾತ್ರ. ಎರಡು ಅಂಗುಲ ದೊಡ್ಡ ಟೈರು ಹಾಕಿದರೆ ಡಿಫರೆನ್ಷಿಯಲ್ ಒಂದು ಅಂಗುಲ ಏರುತ್ತದೆ. ಇಷ್ಟಕ್ಕೆ ಖರ್ಚು ಮಾಡುವುದೇ, ಇಲ್ಲವೇ ಅದೇ ಹಣದಲ್ಲಿ ತೋಟದ ದಾರಿಯ ದಿಣ್ಣೆ ಕಡಿಸಿ, ಚರಂಡಿ ತೆಗೆಸಿ, ಒಂದು ಮೋರಿ ಹಾಕಿಸುವುದೇ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಲಿ. ನನ್ನ ಮತ ದಾರಿಯ ಕಡೆಗೇ ಇದೆ. ಆದರೂ ಎತ್ತಿಸಲೇಬೇಕಾದ ಕಾರಣ ಇರುವವರಿಗಾಗಿ ಮುಂದಿನ ಮಾತು.

ಚಾಸಿ ಬೇರೆ, ಬಾಡಿ ಬೇರೆ ಇರುವ ಗಾಡಿಗಳಿಗೆ ಮಾತ್ರ ಈ ಕೆಲಸ ಸಾಧ್ಯ. ಹಳೆಯ ಮಹೀಂದ್ರ ಜೀಪುಗಳು, ಮಾರುತಿ ಜಿಪ್ಸಿ, ಬೊಲೆರೊ, ಥಾರ್ ಈ ಜಾತಿಗೆ ಸೇರಿದವು. ಇವುಗಳಲ್ಲಿ ಬಾಡಿಯು ಕೆಲವು ಕಡೆ ರಬ್ಬರ್ ಬುಷ್‌ಗಳ ಮೇಲೆ ಕುಳಿತು, ಬೋಲ್ಟಿನಿಂದ ಚಾಸಿಗೆ ಬಿಗಿಯಲ್ಪಟ್ಟಿರುತ್ತದೆ. ಆ ಬುಷ್‌ನ ಜೊತೆ ಸೇರಿಸುವ ತುಂಡೇ ನಾವು ಹೇಳುತ್ತಿರುವ ಬ್ಲಾಕು.

ಬ್ಲಾಕಿನ ಮೇಲೆ ಬೀಳುವ ಒತ್ತಡ

ಬಾಡಿಯ ಭಾರವನ್ನು ಹೊರುವುದು ಬ್ಲಾಕಿಗೆ ದೊಡ್ಡ ಕೆಲಸವಲ್ಲ. ಬಾಡಿ ಮತ್ತು ಹೊರೆ ಸೇರಿ 800 ಕಿಲೋ, ಬುಷ್‌ಗಳು 8 ಎಂದಿಟ್ಟುಕೊಳ್ಳೋಣ. ಒಂದೊಂದರ ಮೇಲೆ 100 ಕಿಲೋ. ಇದನ್ನು ಹಲಸಿನ ತುಂಡೂ ಹೊರುತ್ತದೆ. ಬ್ಲಾಕಿನ ನಿಜವಾದ ಪರೀಕ್ಷೆ ಬೋಲ್ಟಿನ ಬಿಗಿತದಲ್ಲಿದೆ. 8.8 ಎಂದು ತಲೆಯ ಮೇಲೆ ಗುರುತಿರುವ 10 ಮಿಲಿಮೀಟರಿನ ಬೋಲ್ಟನ್ನು ಪೂರ್ತಿ ಬಿಗಿದರೆ ಅದು ಸುಮಾರು 2,600 ಕಿಲೋ ಬಲದಿಂದ ಎಳೆದು ಹಿಡಿಯುತ್ತದೆ. ಎರಡೂವರೆ ಅಂಗುಲ ವ್ಯಾಸದ ಬ್ಲಾಕಿನ ಪೂರ್ತಿ ಮುಖದ ಮೇಲೆ ಈ ಬಲ ಹರಡಿದರೆ ಒಂದು ಚದರ ಸೆಂಟಿಮೀಟರಿಗೆ 90 ಕಿಲೋದಷ್ಟಾಯಿತು. ಅದೇ ಬಲ 20 ಮಿಲಿಮೀಟರಿನ ಸಣ್ಣ ವಾಷರಿನ ಮೂಲಕ, ಅಥವಾ ರಬ್ಬರ್ ಬುಷ್‌ನ ನಡುವಿನ ಕಬ್ಬಿಣದ ಕೊಳವೆಯ ಅಂಚಿನ ಮೂಲಕ ಬಿದ್ದರೆ ಸುಮಾರು 1,200 ಕಿಲೋ ಆಗುತ್ತದೆ. ಇಷ್ಟು ಒತ್ತಡಕ್ಕೆ ಮರವೂ ಪ್ಲಾಸ್ಟಿಕ್ಕೂ ಕುಸಿಯುತ್ತವೆ.

ಬ್ಲಾಕು ಒಂದು ಕೂದಲೆಳೆಯಷ್ಟು ಕುಸಿದರೂ ಬೋಲ್ಟಿನ ಬಿಗಿತ ಹೋಗುತ್ತದೆ. ಬಿಗಿಯಾಗಿರುವಾಗ ಬಾಡಿಯನ್ನು ಅಡ್ಡಕ್ಕೆ ಸರಿಯದಂತೆ ತಡೆಯುವುದು ಬ್ಲಾಕು ಮತ್ತು ಕಬ್ಬಿಣದ ನಡುವಿನ ಉಜ್ಜುವಿಕೆಯ ಹಿಡಿತ. ಸಡಿಲವಾದೊಡನೆ ಆ ಕೆಲಸವೆಲ್ಲ ಬೋಲ್ಟಿನ ಕಂಬಿಯ ಮೇಲೆ ಬೀಳುತ್ತದೆ. ಬ್ರೇಕು ಒತ್ತಿದಾಗ ಬಾಡಿ ಮುಂದಕ್ಕೆ, ಏರು ಹತ್ತುವಾಗ ಹಿಂದಕ್ಕೆ, ಗುಂಡಿಗೆ ಇಳಿದಾಗ ಪಕ್ಕಕ್ಕೆ ವಾಲುತ್ತದೆ. ಪ್ರತಿ ಸಲವೂ ಬೋಲ್ಟು ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವುದು ನಮಗೆಲ್ಲ ಗೊತ್ತು. ಬೋಲ್ಟೂ ಹಾಗೆಯೇ ಮುರಿಯುತ್ತದೆ. ಬ್ಲಾಕಿನ ಎತ್ತರ ದುಪ್ಪಟ್ಟಾದರೆ ಬಾಗಿಸುವ ಬಲವೂ ದುಪ್ಪಟ್ಟು. ಒಂದು ಅಂಗುಲಕ್ಕಿಂತ ಎತ್ತರದ ಬ್ಲಾಕು ಸಾಮಾನ್ಯ ಬೆಳೆಗಾರನಿಗೆ ಬೇಡವೆಂದು ನಾನು ಹೇಳುವುದು ಇದಕ್ಕಾಗಿ.

ಈಗ ಒಂದೊಂದು ವಸ್ತುವನ್ನೇ ಪರಿಶೀಲಿಸೋಣ.

ಮರ

ನಮ್ಮಲ್ಲಿ ಮರಕ್ಕೆ ಬಡತನವಿಲ್ಲ. ಸಾ ಮಿಲ್ಲಿನ ಮೂಲೆಯಲ್ಲಿ ಬಿದ್ದ ತೇಗದ, ಹೊನ್ನೆಯ, ಹಲಸಿನ ತುಂಡುಗಳು ಬಿಟ್ಟಿ ಸಿಗುತ್ತವೆ. ಬಾಗಿಲ ದಾರಂದಕ್ಕೆ ನೂರು ವರ್ಷ ಬಾಳುವ ಮರ ಜೀಪಿಗೆ ಏಕಾಗದು ಎಂದು ಕೇಳುವವರಿದ್ದಾರೆ. ದಾರಂದವನ್ನು ಯಾರೂ ಬೋಲ್ಟು ಹಾಕಿ 2,600 ಕಿಲೋ ಬಲದಿಂದ ಹಿಂಡುವುದಿಲ್ಲ ಎಂಬುದೇ ಉತ್ತರ. ನಾರಿಗೆ ಅಡ್ಡವಾಗಿ ಒತ್ತಿದಾಗ ಮರದ ಬಲ ನಾರಿನುದ್ದಕ್ಕೆ ಇರುವ ಬಲದ ಒಂದು ಸಣ್ಣ ಪಾಲು ಮಾತ್ರ. ನಾರನ್ನು ನೆಟ್ಟಗೆ ನಿಲ್ಲಿಸಿದರೆ ಒತ್ತಡ ತಡೆಯುತ್ತದೆ, ಆದರೆ ತೂತಿನ ಬಳಿ ಸೀಳುತ್ತದೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿದು ಉಬ್ಬುತ್ತದೆ, ಮಾರ್ಚಿಯ ಬಿಸಿಲಿಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿದ ಬೋಲ್ಟು ಬೇಸಗೆಯಲ್ಲಿ ಸಡಿಲ. ಒರಲೆ, ಕುಂಬುಗಳ ಮಾತು ಬೇರೆ. ಎಣ್ಣೆ ಹಚ್ಚಿದರೂ ಬಣ್ಣ ಬಳಿದರೂ ಈ ಗುಣ ಹೋಗುವುದಿಲ್ಲ. ಮರ ಬೇಡ.

ರಬ್ಬರು

ಹಳೆಯ ಟೈರಿನ ತುಂಡುಗಳನ್ನು ಕತ್ತರಿಸಿ ಒಂದರ ಮೇಲೊಂದು ಪೇರಿಸುವುದು, ಇಲ್ಲವೇ ಒಂದು ಬುಷ್‌ನ ಜಾಗದಲ್ಲಿ ಎರಡು ಮೂರು ಬುಷ್ ಕೂರಿಸುವುದು ಎರಡನೆಯ ಅಗ್ಗದ ದಾರಿ. ರಬ್ಬರಿನ ಧರ್ಮವೇ ಅದುರನ್ನು ನುಂಗುವುದು, ಎಂದರೆ ಒತ್ತಿದರೆ ಸರಿದುಕೊಡುವುದು. ಕಂಪನಿಯವರು ಕೊಟ್ಟ ಒಂದು ಬುಷ್ ಎಷ್ಟು ಸರಿದುಕೊಡಬೇಕೋ ಅಷ್ಟು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಅದನ್ನು ಎರಡು ಮಾಡಿದರೆ ಬಾಡಿ ತೊಟ್ಟಿಲಿನಂತೆ ತೂಗುತ್ತದೆ. ರಬ್ಬರು ಇರಬೇಕಾದಲ್ಲಿ ರಬ್ಬರು ಇರಲಿ. ಎತ್ತರ ಕೊಡುವ ಕೆಲಸಕ್ಕೆ ಅದು ಸಲ್ಲದು. ಅಂತೆಯೇ ಬ್ಲಾಕು ಬಂತೆಂದು ಮೂಲದ ಬುಷ್ ತೆಗೆದುಹಾಕುವುದೂ ತಪ್ಪು. ಆಗ ಚಾಸಿಯ ತಿರುಚು ನೇರವಾಗಿ ಬಾಡಿಗೆ ಹೋಗಿ, ತಗಡು ಬುಡದಲ್ಲಿ ಸೀಳುತ್ತದೆ.

ಅಲ್ಯೂಮಿನಿಯಂ

ಪೇಟೆಯ ಅಂಗಡಿಗಳಲ್ಲಿ ಹೊಳೆಯುವ ಅಲ್ಯೂಮಿನಿಯಂ ಬ್ಲಾಕುಗಳು ಸೆಟ್ಟಾಗಿ ಸಿಗುತ್ತವೆ. ಹಗುರ, ಬಲವೂ ಸಾಕಷ್ಟು. ಒಳ್ಳೆಯ ಮಿಶ್ರಲೋಹವಾದರೆ ಒತ್ತಡ ತಡೆಯುವುದರಲ್ಲಿ ಸಾಧಾರಣ ಕಬ್ಬಿಣಕ್ಕೆ ಕಡಿಮೆಯೇನಲ್ಲ. ಬಿಡುವಿನ ದಿನ ಗುಡ್ಡ ಹತ್ತಿ, ಸಂಜೆ ಷೆಡ್ಡಿಗೆ ಬಂದು ತೊಳೆದು ನಿಲ್ಲುವ ಗಾಡಿಗೆ ಇದು ಒಳ್ಳೆಯ ಆಯ್ಕೆ ಇರಬಹುದು. ನಮ್ಮ ಜೀಪಿನ ಜಾತಕ ಬೇರೆ.

ಬೋರ್ಡೋ ದ್ರಾವಣ ತಯಾರಿಸುವಾಗ ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಲ್ಲಿ ನಡೆದದ್ದೇನೆಂದರೆ, ಮೈಲುತುತ್ತದಲ್ಲಿದ್ದ ತಾಮ್ರ ಹೊರಗೆ ಬಂದು, ಆ ಜಾಗಕ್ಕೆ ಕತ್ತಿಯ ಕಬ್ಬಿಣ ಕರಗಿ ಹೋಯಿತು. ಮೈಲುತುತ್ತದ ಚೀಲದಿಂದ ಉದುರಿದ ಪುಡಿ, ಡ್ರಮ್ಮಿನಿಂದ ತುಳುಕಿದ ನೀರು ಜೀಪಿನ ನೆಲದ ಸಂದಿಗಳಲ್ಲಿ ಇಳಿದು ಕೂರುವ ಜಾಗ ಯಾವುದು? ಇದೇ ಬುಷ್‌ಗಳ ಸುತ್ತ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಸುಲಭವಾಗಿ ತಾಮ್ರಕ್ಕೆ ಬಲಿಯಾಗುತ್ತದೆ. ಮೈ ತುಂಬ ಗುಳಿ ಬೀಳುತ್ತದೆ. ಅದಲ್ಲದೆ ಕಬ್ಬಿಣದ ಚಾಸಿಗೆ ಅಂಟಿಕೊಂಡ ಅಲ್ಯೂಮಿನಿಯಂ ಉಪ್ಪುನೀರಿನ ಸಂಪರ್ಕದಲ್ಲಿ ತಾನೇ ಸವೆಯತೊಡಗುತ್ತದೆ. ಪೊಟ್ಯಾಷ್ ಗೊಬ್ಬರವೆಂದು ನಾವು ಹಾಕುವ ಮ್ಯೂರಿಯೇಟ್ ಕೂಡ ಒಂದು ಉಪ್ಪೇ. ಔಷಧಿ, ಗೊಬ್ಬರ ಹೊರುವ ಜೀಪಿಗೆ ಅಲ್ಯೂಮಿನಿಯಂ ತಕ್ಕುದಲ್ಲ.

ಕಬ್ಬಿಣ

ಕಬ್ಬಿಣ ಒತ್ತಡಕ್ಕೆ ಕುಗ್ಗುವುದಿಲ್ಲ, ಯಾವ ಊರಿನ ಲೇತಿನಲ್ಲಿಯಾದರೂ ಕಡೆಸಬಹುದು, ಬೆಲೆಯೂ ಕೈಗೆಟಕುವುದು. ದೋಷ ತುಕ್ಕು ಒಂದೇ. ಆದರೆ ಕಬ್ಬಿಣವೆಂದ ಕೂಡಲೇ ಪೈಪಿನ ತುಂಡು ಕತ್ತರಿಸಿ ಇಡುವವರಿದ್ದಾರೆ. ತೆಳು ಪೈಪಿನ ಅಂಚು ಮೇಲೆ ಬುಷ್‌ನ ರಬ್ಬರನ್ನೂ ಕೆಳಗೆ ಚಾಸಿಯ ಬ್ರಾಕೆಟ್ಟನ್ನೂ ಚಾಕುವಿನಂತೆ ಕೊರೆಯುತ್ತದೆ; ಒಳಗೆ ನೀರು ನಿಂತು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ಇಡಿಯ ಕಬ್ಬಿಣದ ಸರಳನ್ನು ಕಡೆಸಿ, ನಡುವೆ ಬೋಲ್ಟಿಗೆ ಸರಿಯಾಗಿ ತೂತು ಹಾಕಿಸಿ, ಎರಡು ಮುಖವೂ ಸಮಾಂತರವಾಗಿರುವಂತೆ ನೋಡಿ, ಸತುವಿನ ಲೇಪ ಕೊಡಿಸಬೇಕು. ಅದಾಗದಿದ್ದರೆ ರೆಡ್ ಆಕ್ಸೈಡ್ ಬಳಿದು ಮೇಲೆ ಎರಡು ಕೈ ಬಣ್ಣವಾದರೂ ಇರಲಿ. ವಾಷರುಗಳನ್ನು ಗೋಪುರದಂತೆ ಪೇರಿಸುವುದು ಬ್ಲಾಕಲ್ಲ. ಬ್ಲಾಕನ್ನು ಚಾಸಿಗೆ ವೆಲ್ಡು ಮಾಡಿಸುವುದೂ ಬೇಡ. ಕಾದ ಕಡೆ ಬ್ರಾಕೆಟ್ಟು ದುರ್ಬಲವಾಗುತ್ತದೆ, ಮುಂದೆ ಬಿಚ್ಚಲೂ ಬಾರದು.

ಪ್ಲಾಸ್ಟಿಕ್ ಜಾತಿಯವು

ಪ್ಲಾಸ್ಟಿಕ್ ಎಂದರೆ ಒಂದೇ ವಸ್ತುವಲ್ಲ. ಅಂಗಡಿಯವರು ಎಲ್ಲವನ್ನೂ ನೈಲಾನ್ ಎಂದೇ ಕರೆದು ಕೊಡುವುದುಂಟು. ತರಕಾರಿ ಹೆಚ್ಚುವ ಹಲಗೆಯಾಗಿ ಬರುವ ಪಾಲಿಥಿನ್ ಜಾತಿಯ ದಿಂಡಿಗೆ ನೀರು, ಮೈಲುತುತ್ತ, ಗೊಬ್ಬರ ಯಾವುದೂ ತಾಗದು. ಆದರೆ ಒತ್ತಡದಲ್ಲಿ ಇಟ್ಟರೆ ತಿಂಗಳುಗಟ್ಟಲೆ ನಿಧಾನವಾಗಿ ಹರಿಯುತ್ತ ತೆಳ್ಳಗಾಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಜಾರುವ ಗುಣವೂ ಅದಕ್ಕೆ ಹೆಚ್ಚು. ಹಿಡಿತ ಬೇಕಾದ ಜಾಗಕ್ಕೆ ಜಾರುವ ವಸ್ತು ಏಕೆ?

ಎರಕದ ನೈಲಾನ್ ಇದಕ್ಕಿಂತ ಬಹಳ ಗಟ್ಟಿ. ಒಣಗಿರುವಾಗ ಚದರ ಸೆಂಟಿಮೀಟರಿಗೆ 700–800 ಕಿಲೋದವರೆಗೆ ತಡೆದೀತು. ನೀರು ಕುಡಿದಾಗ ಅದರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹೌದು, ನೈಲಾನ್ ನೀರು ಕುಡಿಯುತ್ತದೆ. ಮುಳುಗಿಸಿಯೇ ಇಟ್ಟರೆ ತೂಕದ ನೂರಕ್ಕೆ 6–7ರಷ್ಟು ಹೀರಿ, ಒಂದು ಅಂಗುಲದ ಬ್ಲಾಕು ಅರ್ಧ ಮಿಲಿಮೀಟರಿನ ಆಸುಪಾಸು ಉಬ್ಬುತ್ತದೆ. ಆದರೆ ಮರದಂತೆ ಕೊಳೆಯದು, ಸೀಳದು, ಕಬ್ಬಿಣದಂತೆ ತುಕ್ಕು ಹಿಡಿಯದು. ಮೈಲುತುತ್ತಕ್ಕೂ ಸುಣ್ಣಕ್ಕೂ ಜಗ್ಗದು. ಬ್ಯಾಟರಿಯ ಆಸಿಡ್ ಮಾತ್ರ ಅದಕ್ಕೆ ಶತ್ರು. ಬ್ಯಾಟರಿಯ ಕೆಳಗಿನ ಬ್ಲಾಕನ್ನು ಆಗಾಗ ನೋಡಬೇಕು. ಮೇಲೆ ಕೆಳಗೆ ಬ್ಲಾಕಿನಷ್ಟೇ ಅಗಲದ, 5 ಮಿಲಿಮೀಟರ್ ದಪ್ಪದ ಕಬ್ಬಿಣದ ಬಿಲ್ಲೆ ಕೊಟ್ಟರೆ 1,200 ಕಿಲೋ ಒತ್ತಡ ಹರಡಿ ನೂರರ ಒಳಗೆ ಬರುತ್ತದೆ. ಬಿಲ್ಲೆ ತುಕ್ಕು ಹಿಡಿದರೆ ಬಿಲ್ಲೆ ಮಾತ್ರ ಬದಲಿಸಿದರಾಯಿತು. ಅಸಿಟಾಲ್ ಎಂಬ ಇನ್ನೊಂದು ಜಾತಿ ನೀರು ಕುಡಿಯುವುದು ಬಹಳ ಕಡಿಮೆ. ಸಿಕ್ಕರೆ, ಹಣವಿದ್ದರೆ ಒಳ್ಳೆಯದು.

ಕೊಟ್ಟದ್ದು ನೈಲಾನೋ ಪಾಲಿಥಿನೋ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಒಂದು ಚೂರನ್ನು ಕತ್ತರಿಸಿ ಬಕೆಟ್ ನೀರಿಗೆ ಹಾಕಿ. ತೇಲಿದರೆ ಪಾಲಿಥಿನ್ ಜಾತಿ, ಹಿಂದಕ್ಕೆ ಕೊಡಿ. ನೈಲಾನೂ ಅಸಿಟಾಲೂ ಮುಳುಗುತ್ತವೆ. ಮುಳುಗಿದ್ದೆಲ್ಲ ನೈಲಾನೇ ಎಂದು ಹೇಳಲಾಗದು. ಆದರೆ ತೇಲಿದ್ದು ಖಂಡಿತ ನೈಲಾನಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಔಷಧಿ, ಗೊಬ್ಬರ ಹೊರುವ ಜೀಪಿಗೆ ಬಿಲ್ಲೆ ಸಹಿತ ಎರಕದ ನೈಲಾನ್. ಉಳಿದ ಕೆಲಸದ ಗಾಡಿಗೆ ಇಡಿಯ ಕಬ್ಬಿಣದ ಕಡೆದ ಬ್ಲಾಕು. ಇವೆರಡೂ ಸಿಗದಿದ್ದರೆ ಎತ್ತಿಸುವುದೇ ಬೇಡ.

ಬ್ಲಾಕಿನ ಜೊತೆಗೆ ನೋಡಬೇಕಾದದ್ದು

ಒಳ್ಳೆಯ ಬ್ಲಾಕಿಗೆ ಕೆಟ್ಟ ಬೋಲ್ಟು ಹಾಕಿದರೆ ಫಲವಿಲ್ಲ. ಬ್ಲಾಕಿನ ಎತ್ತರದಷ್ಟು ಉದ್ದ ಹೆಚ್ಚಿರುವ, 8.8 ಗುರುತಿನ ಹೊಸ ಬೋಲ್ಟು, ಸಡಿಲವಾಗದ ನಟ್ಟು ಬೇಕು. ಸರಳಿಗೆ ಮರೆ ಕೊರೆಸಿ ಬೋಲ್ಟು ಮಾಡಿಸಬೇಡಿ. ಬಾಡಿಗೆ ಅಂಟಿದ್ದು ಮೇಲೇರಿ ಚಾಸಿಗೆ ಅಂಟಿದ್ದು ಕೆಳಗೇ ಉಳಿಯುವುದರಿಂದ ನಡುವೆ ಹಾದುಹೋಗುವ ಪ್ರತಿಯೊಂದನ್ನೂ ಪರೀಕ್ಷಿಸಬೇಕು: ಸ್ಟೀರಿಂಗ್ ಶಾಫ್ಟು, ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕಿನ ಕೇಬಲ್, ಡೀಸೆಲ್ ತುಂಬುವ ರಬ್ಬರ್ ಪೈಪು, ಅರ್ತಿನ ತಂತಿ, ಗೇರಿನ ಕೋಲು. ರೇಡಿಯೇಟರು ಬಾಡಿಯ ಜೊತೆ ಮೇಲೇರುವ ಗಾಡಿಯಲ್ಲಿ ಫ್ಯಾನಿನ ರೆಕ್ಕೆ ಅದರ ಹೊದಿಕೆಗೆ ತಾಗುತ್ತದೆಯೇ ನೋಡಿ. ಇವುಗಳಲ್ಲಿ ಸ್ಟೀರಿಂಗ್ ಮತ್ತು ಬ್ರೇಕು ಪ್ರಾಣದ ಪ್ರಶ್ನೆ. ಅವು ಎಳೆದುಕೊಂಡು ಬಿಗಿಯಾಗಿ ನಿಂತಿದ್ದರೆ ಗ್ಯಾರೇಜಿನಿಂದ ಗಾಡಿ ಹೊರಗೆ ತರಬಾರದು.

ಮೊದಲ ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ, ಆಮೇಲೆ ಮಳೆಗಾಲದ ಮೊದಲೂ ಅನಂತರವೂ ಒಮ್ಮೊಮ್ಮೆ ಎಲ್ಲ ಬೋಲ್ಟನ್ನೂ ಪರೀಕ್ಷಿಸಿ. ಹೊರೆಯ ಭಾರವೂ ಬಾಡಿಯ ಜೊತೆ ಮೇಲೇರಿದೆ ಎಂಬುದನ್ನು ಇಳಿಜಾರಿನ ಅಡ್ಡದಾರಿಯಲ್ಲಿ ನೆನಪಿಡಿ. ಇನ್ನೂರು ಲೀಟರಿನ ತುಂಬಿದ ಡ್ರಮ್ಮು ತೂಗುವುದು ಇನ್ನೂರು ಕಿಲೋಗೆ ಮೇಲೆ; ಅದು ತುಳುಕುವಾಗ ಎತ್ತರದ ಗಾಡಿ ಮೊದಲಿಗಿಂತ ಬೇಗ ವಾಲುತ್ತದೆ. ಹಿಂದೆ ನಿಂತ ಆಳುಗಳಿಗೆ ಹಾರಲು ಸಮಯವಿರುವುದಿಲ್ಲ.

ಕಾನೂನಿನ ಮಾತು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಕಂಪನಿ ಇದೇ ಮಾತೆತ್ತಿ ಹಣಕ್ಕೆ ತಕರಾರು ತೆಗೆಯಲು ಅವಕಾಶವಾಗುತ್ತದೆ. ದೊಡ್ಡ ತೋಟದವರು ವಕೀಲರನ್ನು ಇಟ್ಟಾರು. ಒಂದು ಜೀಪಿನ ಮೇಲೆಯೇ ಸಂಸಾರ ನಡೆಸುವವನಿಗೆ ಅದು ಸಾಧ್ಯವಿಲ್ಲ. ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗುವುದು ವಿವೇಕ. ಸವೆದ ಬುಷ್‌ಗಳನ್ನು ಮೂಲದ ಅಳತೆಯ ಹೊಸ ಬುಷ್‌ಗಳಿಂದ ಬದಲಿಸುವುದಕ್ಕೆ ಈ ತೊಡಕೇನೂ ಇಲ್ಲ. ಎಷ್ಟೋ ಹಳೆಯ ಜೀಪುಗಳಲ್ಲಿ ಕುಸಿದ ಬುಷ್ ಬದಲಿಸಿದರೆ ಬಾಡಿ ತಾನಾಗಿಯೇ ತನ್ನ ಮೊದಲಿನ ಎತ್ತರಕ್ಕೆ ಬರುತ್ತದೆ. ಟೈರು ಉಜ್ಜುವುದು ಅಷ್ಟರಲ್ಲೇ ನಿಲ್ಲಲೂಬಹುದು.

ಸಂಘ ಏನು ಮಾಡಬಹುದು?

ಕೊನೆಯದಾಗಿ ಒಂದು ಸೂಚನೆ. ನಮ್ಮ ಸಹಕಾರ ಸಂಘದ ಮಳಿಗೆಯಲ್ಲಿ ಮೈಲುತುತ್ತ, ಸುಣ್ಣ, ಗೊಬ್ಬರ, ಸ್ಪ್ರೇಯರಿನ ಬಿಡಿಭಾಗಗಳು ಸಿಗುತ್ತವೆ. ಅದೇ ಕಪಾಟಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಜೀಪುಗಳ ಬಾಡಿ ಬುಷ್‌ಗಳು, 8.8 ಗುರುತಿನ ಬೋಲ್ಟು ನಟ್ಟುಗಳು, ಅಗಲ ವಾಷರುಗಳು ಏಕೆ ಇರಬಾರದು? ಇವು ಹಾಳಾಗುವ ಸರಕಲ್ಲ, ಬಂಡವಾಳವೂ ದೊಡ್ಡದಲ್ಲ. ಒಬ್ಬನೇ ಹೋಗಿ ಒಂದಡಿ ನೈಲಾನ್ ದಿಂಡು ಕೇಳಿದರೆ ಪೇಟೆಯ ವ್ಯಾಪಾರಿ ಕೊಟ್ಟದ್ದೇ ವಸ್ತು, ಹೇಳಿದ್ದೇ ಬೆಲೆ. ಹತ್ತು ಮಂದಿಗೆ ಬೇಕಾದದ್ದನ್ನು ಸಂಘವೇ ಒಟ್ಟಿಗೆ ತರಿಸಿ, ಬಿಲ್ಲು ಪಡೆದು, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿಯೇ ಹಂಚಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ಸದಸ್ಯ ಬಂಧುಗಳ ಬೆಂಬಲ ಬೇಕು.

ಟೈರು ಎಲ್ಲರ ಕಣ್ಣಿಗೂ ಬೀಳುತ್ತದೆ. ಬ್ಲಾಕು ಬಾಡಿಯ ಅಡಿಯಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತದೆ. ಅದನ್ನು ಆರಿಸುವಾಗ ನೋಡುವವರ ಕಣ್ಣನ್ನು ಮರೆತು, ನಮ್ಮ ಮಳೆಯನ್ನೂ ನಮ್ಮ ಮೈಲುತುತ್ತವನ್ನೂ ಹಿಂದಿನ ಸೀಟಿನಲ್ಲಿ ಕುಳಿತವರನ್ನೂ ನೆನಪಿನಲ್ಲಿಟ್ಟುಕೊಂಡರೆ ಸಾಕು.